ಎಲ್ಲರ ಹಿಂದಿನವನು

ಹೆಂಡತಿ ಹೋದ ಮೇಲೆ, ಮಾತಿಗೆ ಜನ ಸಿಕ್ಕಾರೆಂದು ಬೆಟ್ಟ ಹತ್ತುವ ಸೈಕಲ್ ಗುಂಪಿಗೆ ಸೇರಿದೆ. "ಅಂಕಲ್, ನೀವು ಎಲ್ರಿಗಿಂತ ಹಿಂದೆ ಬನ್ನಿ. ಯಾರೂ ದಾರೀಲಿ ಉಳೀದಂಗೆ ನೋಡ್ಕೊಳ್ಳಿ" ಎಂದ ಗುಂಪಿನ ಮುಂದಾಳು. ದೊಡ್ಡ ಪದವಿ ಸಿಕ್ಕಿತೆಂದು ಬೀಗಿದೆ, ದಡ್ಡ! ಅಂದಿನಿಂದ ಪ್ರತಿ ಭಾನುವಾರ ಕಂಡದ್ದು ಬರೀ ಬೆನ್ನುಗಳು. ಪಂಕ್ಚರ್ ಹಾಕಿಕೊಟ್ಟರೆ, "ಥ್ಯಾಂಕ್ಸ್ ಅಂಕಲ್" ಎಂದು ಮುಂದಿನವರ ಹರಟೆಗೆ ಓಡುತ್ತಿದ್ದರು.

ಇವತ್ತು ಏರಿನಲ್ಲಿ ನನ್ನದೇ ಚೈನು ತುಂಡಾಯಿತು. ಕೂಗಿದೆ. ಯಾರೂ ತಿರುಗಲಿಲ್ಲ, ಹಿಂದಿನವರನ್ನು ನೋಡಿಕೊಳ್ಳುವ ಕೆಲಸ ನನ್ನದಲ್ಲವೇ! ಸೈಕಲ್ ತಳ್ಳಿಕೊಂಡು ಗುಡ್ಡ ದಾಟಿ ಬಂದರೆ, ಸೇರಬೇಕಿದ್ದ ಜಾಗ ಖಾಲಿ. ಫೋನಿನಲ್ಲಿ ಮುಂದಾಳು ಗುಂಪಿಗೆ ಬರೆದಿದ್ದ: "ಎಲ್ರೂ ಬಂದ್ವಿ. ಯಾರೂ ಹಿಂದೆ ಉಳಿದಿಲ್ಲ. ಅಂಕಲ್‌ಗೆ ಥ್ಯಾಂಕ್ಸ್."

ಎಲ್ಲರೂ ಅದಕ್ಕೆ ಹೆಬ್ಬೆರಳಿನ ಚಿತ್ರ ಒತ್ತಿದ್ದರು. ನಾನೂ ಒಂದು ಒತ್ತಿದೆ.