ಅಡ್ಡ ಸೌಟು

ನನ್ನ ಅಡುಗೆಮನೆಯಲ್ಲಿ ಉಪ್ಪಿಗೆ ಒಂದು ಕಾನೂನಿದೆ. ಮೊದಲು, ಬಂದವರು ಹೋದವರೆಲ್ಲ ಪಾತ್ರೆಗೆ ಚಮಚ ಅದ್ದಿ, ಚಪ್ಪರಿಸಿ, ಒಂದೊಂದು ಚಿಟಿಕೆ ಉದುರಿಸಿ ಹೋಗುತ್ತಿದ್ದರು. ನಾನು ಮುಖ್ಯ ಅಡುಗೆಯವಳಾದ ವಾರವೇ ಹೇಳಿಬಿಟ್ಟೆ: ರುಚಿ ನೋಡುವವಳು ನಾನೊಬ್ಬಳೇ, ಅದೂ ಬಡಿಸುವ ಮುಂಚೆ. ಕುದಿ ಬಂದಾಗ ಒಲೆಯ ಹತ್ತಿರ ಇದ್ದವರು ಅಳತೆಯ ಬಟ್ಟಲಲ್ಲಿ ಉಪ್ಪು ಹಾಕಬೇಕು. ಹಾಕಿದ ಕೂಡಲೇ, ಹಿಡಿಗೆ ಕೆಂಪು ಬಟ್ಟೆ ಸುತ್ತಿದ ಮರದ ಸೌಟನ್ನು ಮುಚ್ಚಳದ ಮೇಲೆ ಅಡ್ಡ ಇಡಬೇಕು. ಸೌಟು ಅಡ್ಡ ಇದ್ದರೆ ಉಪ್ಪು ಬಿದ್ದಿದೆ, ಇಲ್ಲದಿದ್ದರೆ ಇಲ್ಲ. ನಾಲ್ಕು ವರ್ಷದಲ್ಲಿ ಒಂದು ಪಾತ್ರೆಯೂ ಕೆಟ್ಟಿರಲಿಲ್ಲ.

ಉಪ್ಪಿಗೆ ಕಾನೂನು ಮಾಡಬಹುದು, ಜನಕ್ಕೆ ಹೇಗೆ ಮಾಡುವುದು? ಬ್ರೆಡ್ ಮಾಡುವವನ ಅಜ್ಜಿ ಈ ವರ್ಷ ಮೂರನೇ ಸಲ ತೀರಿಕೊಂಡಿದ್ದರು, ನಾನು ಹೇಳುತ್ತಿರುವ ದಿನ ಅವನು ರಜೆ. ಇನ್ನು ನನ್ನ ತಂಗಿಯ ಗಂಡ. ಅವನಿಗೆ ನಾವಿಟ್ಟ ಹೆಸರು ‘ನಾಳೆ’. ಯಾಕೆ ಲೇಟು ಅಂದರೆ, “ನಾಳೆಯಿಂದ ಸರಿಯಾಗಿ ಬರ್ತೀನಿ ಅಕ್ಕ” ಅನ್ನುತ್ತಾನೆ. ಆ ನಾಳೆ ಇವತ್ತಿನವರೆಗೂ ಬಂದಿಲ್ಲ. ನಾಲ್ಕು ಕಡೆ ಕೆಲಸ ಕಳೆದುಕೊಂಡವನನ್ನು ಹೋಟೆಲಿನ ಯಜಮಾನರ ಕೈಕಾಲು ಹಿಡಿದು ಇಲ್ಲಿ ಸೇರಿಸಿದವಳು ನಾನೇ. ತಂಗಿಗೆ ಈಗ ಏಳು ತಿಂಗಳು. ಯಜಮಾನರು ಹಿಂದಿನ ದಿನವಷ್ಟೇ ನನ್ನನ್ನು ಕರೆದು, “ಇನ್ನೊಂದು ಎಡವಟ್ಟಾದ್ರೆ ನಿಮ್ಮ ನೆಂಟನ್ನ ಕಳಿಸಿಬಿಡ್ತೀನಿ, ಆಮೇಲೆ ಮುಖ ಊದಿಸ್ಕೋಬೇಡಿ” ಎಂದಿದ್ದರು.

ಅವತ್ತು ಮಧ್ಯಾಹ್ನ ಒಂದು ಗಂಟೆಗೆ ಮೇಲಿನ ಹಾಲ್‌ನಲ್ಲಿ ನೂರಿಪ್ಪತ್ತು ಜನ ಡಾಕ್ಟರುಗಳ ಊಟ. ಎಂಟಕ್ಕೆ ಬರಬೇಕಾದ ನಾಳೆ ಹನ್ನೊಂದಾದರೂ ಪತ್ತೆ ಇಲ್ಲ. ಅವನ ಮಣೆಯ ಮೇಲೆ ಅವನ ಈರುಳ್ಳಿಯನ್ನೂ ನಾನೇ ಹೆಚ್ಚಬೇಕಾಯಿತು. ಅರ್ಧಕ್ಕೆ ಬಿಟ್ಟು ಓಡಿ ಬಂದರೆ ಟೊಮೆಟೊ ಸೂಪು ಉಕ್ಕುತ್ತಿದೆ. ಉಪ್ಪು ಹಾಕಿ ಮುಚ್ಚಳ ಮುಚ್ಚಿದೆ. ಆಗ ಹಿಂಬಾಗಿಲು ಕಿರ್‌ ಎಂದಿತು. ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತುಕೊಂಡು ಮಹಾರಾಯ ನಿಂತಿದ್ದ.

“ಎಚ್ಚರ ಆಗ್ಲಿಲ್ಲ ಅಕ್ಕ” ಎಂದ. ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ!

ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಅವನ ಹೆಚ್ಚುವ ಮಣೆಯ ಹತ್ತಿರ ಹೋಗಿ, ಕೈಯಲ್ಲಿದ್ದದ್ದನ್ನು ಮಣೆಗೆ ಕುಟ್ಟಿ ಕುಟ್ಟಿ ಬೈದೆ. ನಿನಗೆ ನಾಚಿಕೆ ಇದೆಯಾ, ನನ್ನ ತಂಗಿಯ ಹೊಟ್ಟೆಯಲ್ಲಿರುವ ಕೂಸಿಗಿರುವಷ್ಟಾದರೂ ಜವಾಬ್ದಾರಿ ಇದೆಯಾ ಎಂದೆಲ್ಲ. ಪಾತ್ರೆ ತೊಳೆಯುವ ಅಜ್ಜಿ ನಲ್ಲಿ ನಿಲ್ಲಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಕರೆ ಬಂತು, ತಟ್ಟೆ ಕಡಿಮೆ ಅಂತ. ಹೋದೆ.

ಹನ್ನೆರಡೂವರೆಗೆ ವಾಪಸು ಬಂದಾಗ ಸೌಟು ಮುಚ್ಚಳದ ಮೇಲೆ ಅಡ್ಡ ಇತ್ತು. ಸರಿ ಎಂದುಕೊಂಡು ಒಂದು ಚಮಚ ಬಾಯಿಗಿಟ್ಟೆ. ಥೂ! ನಾಲಿಗೆ ಮುದುಡಿಹೋಯಿತು. ಉಪ್ಪು ಎರಡು ಸಲ ಬಿದ್ದಿತ್ತು.

“ಯಾರು ಉಪ್ಪು ಹಾಕಿದ್ದು?”

“ನಾನೇ ಅಕ್ಕ” ಎಂದ ನಾಳೆ, ಏನೋ ಬಹುಮಾನ ಬಂದವನ ಹಾಗೆ. “ನೀವು ಮೇಲೆ ಹೋಗಿದ್ರಲ್ಲ, ನಾನೇ ನೆನಪಿಟ್ಕೊಂಡು ಹಾಕ್ದೆ.”

“ನಾನು ಹಾಕಾಗಿತ್ತಲ್ಲೋ! ಸೌಟು ಕಾಣ್ಲಿಲ್ವಾ?”

“ಮುಚ್ಚಳದ ಮೇಲೆ ಏನೂ ಇರ್ಲಿಲ್ಲ. ಸೌಟು ನನ್ನ ಮಣೆ ಮೇಲಿತ್ತು.”

“ಓಹೋ! ಸೌಟಿಗೆ ಕಾಲು ಬಂದು ನಿನ್ನ ಮಣೆಗೆ ನಡ್ಕೊಂಡು ಬಂತಾ? ತಪ್ಪು ಮಾಡಿ ಸುಳ್ಳು ಬೇರೆ!”

ಯಜಮಾನರು ಯಾವಾಗ ಬಂದು ನನ್ನ ಹಿಂದೆ ನಿಂತರೋ ಗೊತ್ತಾಗಲಿಲ್ಲ. ಚಮಚ ತೆಗೆದುಕೊಂಡು ರುಚಿ ನೋಡಿದರು. ಸಿಂಕಿಗೆ ಉಗುಳಿದರು. “ಯಾರ ಕೆಲಸ ಇದು?”

ನಾನು ಬೆರಳು ತೋರಿಸಿದೆ. ಆ ಬೆರಳು ಇನ್ನೂ ನನ್ನ ಕೈಯಲ್ಲೇ ಇದೆ, ನೋಡಿದಾಗಲೆಲ್ಲ ಕತ್ತರಿಸಿ ಹಾಕೋಣ ಅನ್ನಿಸುತ್ತದೆ.

“ಏಪ್ರನ್ ಬಿಚ್ಚಿಟ್ಟು ಹೊರಡಪ್ಪ” ಎಂದರು ಯಜಮಾನರು. ನಾಳೆ ನನ್ನ ಮುಖ ನೋಡಿದ. ಏಪ್ರನ್ ಮಡಚಿ ಮಣೆಯ ಮೇಲಿಟ್ಟು, ಹಿಂಬಾಗಿಲಿನಿಂದ ಹೋದ. “ಅರ್ಧ ಗಂಟೆ ಇದೆ, ಏನಾದ್ರೂ ಮಾಡಿ” ಎಂದು ಯಜಮಾನರು ಮೇಲೆ ಹತ್ತಿದರು.

ಇನ್ನೊಂದು ದೊಡ್ಡ ಪಾತ್ರೆ ಎಳೆದು, ಸೂಪನ್ನು ಅರ್ಧರ್ಧ ಮಾಡಿ, ಎರಡಕ್ಕೂ ಉಪ್ಪಿಲ್ಲದ ಟೊಮೆಟೊ ರಸ ಸುರಿದು ಉರಿ ಜೋರು ಮಾಡಿದೆ. ತಿರುಗಿಸಲು ಆ ಸೌಟನ್ನೇ ಎತ್ತಿಕೊಂಡೆ. ಹಿಡಿಯ ಕೆಂಪು ಬಟ್ಟೆಯಲ್ಲಿ ಏನೋ ಅಂಟಿತ್ತು. ಈರುಳ್ಳಿ ಸಿಪ್ಪೆ. ಸೌಟಿನ ಬೆನ್ನಿಗೂ ಜಜ್ಜಿದ ಈರುಳ್ಳಿ ಚೂರು ಮೆತ್ತಿಕೊಂಡಿತ್ತು.

ಕೈಯಲ್ಲಿದ್ದದ್ದನ್ನು ಕುಟ್ಟಿ ಕುಟ್ಟಿ ಬೈದಿದ್ದೆನಲ್ಲ. ಕೈಯಲ್ಲಿದ್ದದ್ದು ಏನು?

ತಿರುಗಿದರೆ ಅಜ್ಜಿ ನನ್ನನ್ನೇ ನೋಡುತ್ತಿದ್ದರು.

“ಅಜ್ಜಿ, ಸೌಟು ಅಲ್ಲಿ ಬಿಟ್ಟವಳು ನಾನಾ?”

“ಹೂಂ ಕಣಮ್ಮ.”

“ನೋಡಿದ್ರೂ ಯಾಕೆ ಹೇಳ್ಲಿಲ್ಲ?”

“ನಿನ್ನ ಸಿಟ್ಟಿನ ಮುಂದೆ ಯಾರು ಬಾಯಿ ಬಿಡ್ತಾರೆ ತಾಯಿ?” ಎಂದು ಅಜ್ಜಿ ಮತ್ತೆ ನಲ್ಲಿ ತಿರುಗಿಸಿದರು.

ಒಂದು ಗಂಟೆಗೆ ಹದಿನೈದು ನಿಮಿಷ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಅಜ್ಜಿಯಂತೂ ಬಾಯಿ ಬಿಡುವುದಿಲ್ಲ. ಈ ಯೋಚನೆ ನನಗೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಲೆ ನೋಡಿಕೊಳ್ಳಲು ಅಜ್ಜಿಗೆ ಹೇಳಿ ಹಿಂಬಾಗಿಲು ತೆಗೆದೆ.

ನಾಳೆ ಖಾಲಿ ತರಕಾರಿ ಕ್ರೇಟಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ, ನನಗೆ ಬೆನ್ನು ಹಾಕಿ.

“ಇಲ್ವೇ, ಲೇಟಾಯ್ತು, ಆದ್ರೂ ಅಕ್ಕ ಏನೂ ಬೈಲಿಲ್ಲ... ಚೆನ್ನಾಗೇ ಮಾತಾಡಿದ್ರು. ನೀನು ಊಟ ಮಾಡಿ ಮಲಕ್ಕೋ. ಇವತ್ತು ಕೆಲಸ ಕಮ್ಮಿ, ಬೇಗ ಬರ್ತೀನಿ.”

ಲೇಟಾಗಿದ್ದಕ್ಕೆ ಒಂದು ಸುಳ್ಳನ್ನೂ ಹೇಳಲಾರದವನು ಈಗ ಹೇಳುತ್ತಿದ್ದ. ನನ್ನ ಮಾನ ಉಳಿಸಲು ಹೇಳುತ್ತಿದ್ದ. ಅವನ ತೋಳು ಹಿಡಿದು ಎಬ್ಬಿಸಿ, ದರದರ ಎಳೆದುಕೊಂಡು ಮೆಟ್ಟಿಲು ಹತ್ತಿದೆ. “ಅಯ್ಯೋ ಅಕ್ಕ, ಇನ್ನೇನು ಮಾಡ್ದೆ ನಾನು?” ಎಂದು ಅವನು ಎರಡು ಸಲ ಕೇಳಿದ.

ಡಾಕ್ಟರುಗಳು ಕುರ್ಚಿ ಎಳೆದುಕೊಳ್ಳುತ್ತಿದ್ದರು. ಯಜಮಾನರು ಬಾಗಿಲಲ್ಲೇ ಇದ್ದರು.

“ತಪ್ಪು ನಂದು. ಸೌಟು ಹಿಡ್ಕೊಂಡೇ ಇವನಿಗೆ ಬೈಯೋಕೆ ಹೋಗಿ ಅಲ್ಲೇ ಬಿಟ್ಟು ಬಂದೆ. ಇವನು ಕಾನೂನು ಪ್ರಕಾರವೇ ಮಾಡಿದ್ದಾನೆ. ಏಪ್ರನ್ ಬಿಚ್ಚಬೇಕಾದ್ರೆ ನಾನು ಬಿಚ್ಚಬೇಕು” ಎಂದು ಹಿಂದಿನ ಗಂಟಿಗೆ ಕೈ ಹಾಕಿದೆ.

ಯಜಮಾನರು ನನ್ನನ್ನು ನೋಡಿದರು, ಅವನನ್ನು ನೋಡಿದರು, ಗಡಿಯಾರ ನೋಡಿದರು. “ಸೂಪು ಸರಿಯಾಯ್ತಾ?”

“ಆಗಿರುತ್ತೆ.”

“ಇಬ್ಬರೂ ಕೆಳಗೆ ಹೋಗಿ. ಇವನನ್ನ ಇಟ್ಕೊಳ್ಳೋದು ಬಿಡೋದು ಇನ್ಮೇಲೆ ನಿಮಗೇ ಬಿಟ್ಟಿದ್ದು. ನನ್ನ ತಲೆ ತಿನ್ಬೇಡಿ.”

ಸೂಪು ಒಂದೂ ಹತ್ತಕ್ಕೆ ಮೇಲೆ ಹೋಯಿತು. ಪಾತ್ರೆಯ ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಅವನು. ಮೆಟ್ಟಿಲ ಮೇಲೆ, “ತಪ್ಪಾಯ್ತು ಕಣೋ” ಎಂದೆ. ಇಷ್ಟು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು. ಅವನು ಗಾಬರಿಯಿಂದ ಪಾತ್ರೆ ಬಿಡುವುದರಲ್ಲಿದ್ದ.

“ನಾಳೆಯಿಂದ ಸರಿಯಾಗಿ ಬರ್ತೀನಿ ಅಕ್ಕ” ಎಂದ.

ಮರುದಿನ ಅವನು ಬಂದದ್ದು ಎಂಟೂ ನಲವತ್ತಕ್ಕೆ. ನಾನು ಆಗಷ್ಟೇ ಉಪ್ಪು ಹಾಕಿದ್ದೆ. ಪಿತ್ತ ನೆತ್ತಿಗೇರಿ ಬಾಯಿ ತೆರೆದೇಬಿಟ್ಟಿದ್ದೆ, ಅಜ್ಜಿ ಅಲ್ಲಿಂದಲೇ ಕೂಗಿದರು: “ಸೌಟು ಕಣಮ್ಮ!”

ಬಾಯಿ ಮುಚ್ಚಿದೆ. ಸೌಟನ್ನು ಮುಚ್ಚಳದ ಮೇಲೆ ಅಡ್ಡ ಇಟ್ಟೆ. ಆಮೇಲೆ ಬರಿಗೈಯಲ್ಲಿ ಹೋಗಿ ಬೈದೆ.