ಮೇಸ್ತ್ರಿ ಸಿದ್ದಬಸಪ್ಪನ ಕಿವಿ

ಏರಿನ ಅರ್ಧಕ್ಕೆ ಬಂದಿದ್ದ ಲಾರಿ ಎರಡು ಸಲ ಕೆಮ್ಮಿ, ಸೈಲೆನ್ಸರಿನಲ್ಲಿ ಢಬ್ಬೆಂದು ಸದ್ದು ಮಾಡಿ ನಿಂತೇಬಿಟ್ಟಿತು. ಹಿಂದೆ ಭಜನೆಯವರ ತಾಳವೂ ನಿಂತಿತು. ಯಾರೋ ಓಡಿಬಂದು ಗಾಲಿಗೆ ಕಲ್ಲು ಕೊಟ್ಟರು. ಲಾರಿಯ ಮೇಲೆ ಬಾಳೆಕಂಬದ ಮಂಟಪದಲ್ಲಿ ಕುಳ್ಳಿರಿಸಿದ್ದ, ತೀರಿಕೊಂಡ ಮೇಸ್ತ್ರಿ ಸಿದ್ದಬಸಪ್ಪನ ತಲೆ ವಾಲಿತು. ಮಗಳು ನಾಗಜ್ಯೋತಿ ಅಪ್ಪನ ಗಲ್ಲ ಹಿಡಿದು ಸರಿಮಾಡಿದಳು.

ಮೊಣಕಾಲು ನೋವಿನ ಹೆಂಡತಿ ಅಂಬಮ್ಮನನ್ನು ಕ್ಯಾಬಿನ್ನಿನಲ್ಲಿ ಕೂರಿಸಿದ್ದರು. “ಏನಾತಪ್ಪಾ?” ಎಂದಳು.

“ಏಮೀ ಲೇದಕ್ಕಾ, ಏನಿಲ್ಲ, ಈಗ ಹೋಗ್ತೈತಿ,” ಎಂದ ಸ್ಟೇರಿಂಗ್ ಹಿಡಿದಿದ್ದ ಎರ್ರಿಸ್ವಾಮಿ. ಅದು ಅವನ ಅಪ್ಪನ ಕಾಲದ ಪೆಟ್ರೋಲ್ ಲಾರಿ. ಆಸ್ಪರಿ ಕಡೆಯ ಹತ್ತಿಯನ್ನು ಆದೋನಿಯ ಮಿಲ್ಲುಗಳಿಗೆ ಹೊತ್ತು ಹೊತ್ತು ಸವೆದದ್ದು, ಈಗ ಮದುವೆ ಮೆರವಣಿಗೆಗಷ್ಟೇ ಹೊರಬರುತ್ತಿತ್ತು. ನಲವತ್ತು ವರ್ಷ ಅದನ್ನು ಬದುಕಿಸಿದ ಮೇಸ್ತ್ರಿಯನ್ನು ಬೇರೆ ಗಾಡಿಯಲ್ಲಿ ಕಳಿಸುವುದಿಲ್ಲ ಎಂದು ಬೆಳಿಗ್ಗೆ ಅವನೇ ಹಟ ಹಿಡಿದಿದ್ದ. ಊರು ಇನ್ನೂ ನಾಲ್ಕು ಮೈಲಿ. ಅಲ್ಲಿ ಹೊಲದಲ್ಲಿ ಕುಣಿ ತೋಡಿ, ಸ್ವಾಮಿಗಳನ್ನು ಕರೆಸಿ ಜನ ಕಾಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು.

ಸಿದ್ದಬಸಪ್ಪನ ಕೈಯಲ್ಲಿ ಕೆಲಸ ಕಲಿತು ಈಗ ಸ್ವಂತ ಡೀಸೆಲ್ ಗ್ಯಾರೇಜು ಇಟ್ಟಿದ್ದ ವಾಗೀಶ್ ಬಾನೆಟ್ಟು ಎತ್ತಿದ. ಪೆಟ್ರೋಲ್ ಪೈಪು ಊದಿದ, ಪ್ಲಗ್ಗು ಬಿಚ್ಚಿ ಒರೆಸಿದ. ಲಾರಿ ಚಾಲೂ ಆಯಿತು, ನಾಲ್ಕು ಮಾರು ತೆವಳಿ ಮತ್ತೆ ನಿಂತಿತು.

“ಪೆಟ್ರೋಲಿನ್ಯಾಗ ನೀರು ಸೇರೈತಿ.”

“ಅಲ್ಲೋ, ಕಾರ್ಬೋರೇಟರ್ ಹೋಗೈತಿ.”

“ಟ್ರ್ಯಾಕ್ಟರ್ ತರಿಸ್ರಿ, ಎಳಕೊಂಡು ಹೋಗೋಣು.”

ಎಳಕೊಂಡು ಹೋಗೋಣು ಎಂಬ ಮಾತು ಅಂಬಮ್ಮನಿಗೆ ಚುಚ್ಚಿತು. ಗಂಡ ಮುಟ್ಟಿದ ಯಾವ ಲಾರಿಯೂ ಹಗ್ಗದಲ್ಲಿ ಎಳೆಸಿಕೊಂಡು ಹೋದದ್ದಿಲ್ಲ. ರೋಗ ಏನೆಂದು ಆದೋನಿ ದಾಟಿದಾಗಿನಿಂದ ಅವಳಿಗೆ ಕೇಳಿಸುತ್ತಲೇ ಇತ್ತು. ಆದರೆ ಬಾಯಿಬಿಟ್ಟರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ಗಂಡನಿಗೆ ಮಾತು ಕೊಟ್ಟಿದ್ದಳು.

*

ಒಂದು ಕಾಲಕ್ಕೆ ಹತ್ತಿ ಸುಗ್ಗಿ ಬಂತೆಂದರೆ ಶೆಡ್ಡಿನ ಮುಂದೆ ಲಾರಿಗಳ ಸಾಲು. ಸಿದ್ದಬಸಪ್ಪ ಚಹಾ ಕುಡಿಯುತ್ತ ಕೂತಲ್ಲಿಂದಲೇ, “ಮೂರನೇದು, ಟೈಮಿಂಗ್ ಹಿಂದ ಬಿದ್ದೈತಿ, ಕಿಡಿ ತಡಾ ಬೀಳ್ತೈತಿ,” ಎನ್ನುತ್ತಿದ್ದ. ಬಾನೆಟ್ಟು ಎತ್ತಿದರೆ ಅದೇ ಇರುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದ ಹೆಂಡತಿಗೆ ಅವನು ಅದನ್ನು ಆಟದಂತೆ ಕಲಿಸಿದ್ದ.

“ಕಿಡಿ ಸರಿ ಹೊತ್ತಿಗೆ ಬಿದ್ದರ, ನೀ ರೊಟ್ಟಿ ಬಡಿದಂಗ ಕೇಳ್ತೈತಿ. ಮುಂಚೆ ಬಿದ್ದರ ಡಬ್ಬಿಯಾಗ ಶೇಂಗಾ ಅಲ್ಲಾಡಿಸಿದಂಗ. ತಡಾ ಆದರ, ಉಂಡು ಮಲಗಿದವನ್ನ ಎಬ್ಬಿಸಿದಂಗ. ಏಳ್ತಾನ ಖರೆ, ಕೆಲಸಕ್ಕ ಬರಂಗಿಲ್ಲ.”

ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಚಹಾ ತಂದಾಗ, ಇಂಜಿನ್ನಿನೊಳಗೆ ಶೇಂಗಾ ಗಲಗಲ ಅನ್ನುತ್ತಿತ್ತು. ಅವನು ಮಾತ್ರ ಕಣ್ಣು ಮುಚ್ಚಿಕೊಂಡು ಕಿಡಿ ಹಂಚುವ ಡಬ್ಬಿಯನ್ನು ಇನ್ನೂ ಮುಂದಕ್ಕೇ ತಿರುಗಿಸುತ್ತಿದ್ದ. ಅವಳು ಹೆಗಲ ಮೇಲೆ ಕೈಯಿಟ್ಟಳು. ಅವನು ಕಣ್ಣು ತೆರೆದು ಅವಳ ಮುಖ ನೋಡಿದ, ಕೈ ನಿಲ್ಲಿಸಿದ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನೇ ಹೇಳಿದ. “ಎರಡು ವರ್ಷ ಆತು. ಮಾತು ಕೇಳ್ತಾವ. ಒಳಗಿನ ಸಣ್ಣ ಸದ್ದು ಕೇಳಂಗಿಲ್ಲ.” ತುತ್ತು ಕೈಯಲ್ಲೇ ಇತ್ತು. “ಯಾರ ಮುಂದೂ ಅನಬ್ಯಾಡ, ಅಂಬಾ.”

ಮರುದಿನದಿಂದ ಅವಳು ಚಹಾದ ನೆವದಲ್ಲಿ ಅವನ ಬೆನ್ನಿಗೆ ನಿಲ್ಲತೊಡಗಿದಳು. ಮುಂದಕ್ಕೆ ಅಂದರೆ ಹೆಗಲಿಗೆ ಒಂದು ತಟ್ಟು, ಹಿಂದಕ್ಕೆ ಅಂದರೆ ಎರಡು, ಸಾಕು ಅಂದರೆ ಒತ್ತು. “ಹೆಂಡ್ತಿ ಬೆನ್ನಿಗಿದ್ದರ ಮಾತ್ರ ಮೇಸ್ತ್ರಿ ಕೈ ಓಡ್ತಾವ ನೋಡ್ರಿ,” ಎಂದು ಡ್ರೈವರುಗಳು ನಗುತ್ತಿದ್ದರು. ಅವರೊಂದಿಗೆ ಅವನೂ ನಗುತ್ತಿದ್ದ.

*

ಟ್ರ್ಯಾಕ್ಟರಿಗೆ ಫೋನು ಮಾಡಲು ಹೊರಟವನನ್ನು ಕಂಡು ಅಂಬಮ್ಮ ಬಾಗಿಲು ಹಿಡಿದು ಕೆಳಗಿಳಿದಳು.

“ವಾಗೀಶಾ, ಕಾರ್ಬೋರೇಟರ್ ಬಿಡು. ಟೈಮಿಂಗ್ ಹಿಂದಕ್ಕ ಜಾರೈತಿ. ಡಿಸ್ಟ್ರಿಬ್ಯೂಟರಿನ ಬುಡದ ಬೋಲ್ಟ್ ನೋಡು.”

ವಾಗೀಶ್ ಕೈ ಹಾಕಿದ. ಕಿಡಿ ಹಂಚುವ ಆ ಡಬ್ಬಿ ಎರಡೇ ಬೆರಳಿಗೆ ತಿರುಗಿತು. ಬೋಲ್ಟು ಸಡಿಲಾಗಿತ್ತು. ಎರ್ರಿಸ್ವಾಮಿ ಇಂಜಿನ್ ಚಾಲೂ ಮಾಡಿದ. ವಾಗೀಶ್ ಡಬ್ಬಿಯನ್ನು ಒಂದಿಷ್ಟು ತಿರುಗಿಸಿ, ಡೀಸೆಲ್ಲಿಗೆ ಒಗ್ಗಿದ ತನ್ನ ಕಿವಿಯನ್ನು ನಂಬಲಾರದೆ, “ಸಾಕೇನಮ್ಮಾ?” ಎಂದು ಕೇಳಿದ.

ಅಷ್ಟರಲ್ಲಿ ಅವಳ ಕೈ ಅವನ ಹೆಗಲ ಮೇಲಿತ್ತು. ಒಂದು ತಟ್ಟು. ಇನ್ನೊಂದು ಸಲ ಒಂದು ತಟ್ಟು. ಎರ್ರಿಸ್ವಾಮಿ ಆಕ್ಸಿಲರೇಟರ್ ಒತ್ತಿದ, ಒಳಗೆ ಶೇಂಗಾ ಗಲಗಲ ಅಂದಿತು. ಎರಡು ತಟ್ಟು. ಆಮೇಲೆ ಒತ್ತಿದಳು.

ವಾಗೀಶ್ ಬಗ್ಗಿದಲ್ಲೇ ನಿಂತ. ಮೇಸ್ತ್ರಿಯ ಹೆಗಲ ಮೇಲೆ ಆ ಕೈಯನ್ನು ಅವನು ಎಷ್ಟೋ ಸಲ ನೋಡಿದ್ದ. ನಕ್ಕೂ ಇದ್ದ.

“ಅಮ್ಮಾ... ಮೇಸ್ತ್ರಿಗೆ ಕೇಳ್ತಿದ್ದಿಲ್ಲೇನು?” ಸಣ್ಣ ದನಿಯಲ್ಲಿ ಕೇಳಿದ.

“ಬೋಲ್ಟ್ ಬಿಗಿ ಮಾಡಪ್ಪಾ.”

ಅವನು ಬಿಗಿ ಮಾಡಿದ. ಬಾನೆಟ್ಟು ಇಳಿಸುವಾಗ ಅವನ ಕಣ್ಣುಗಳು ತೇವವಾಗಿದ್ದವು. ಎರ್ರಿಸ್ವಾಮಿ ಕಿಟಕಿಯಿಂದ ತಲೆ ಹಾಕಿ, “ಅಕ್ಕಾ, ನಿನಗ ಹೆಂಗ ತಿಳೀತು?” ಎಂದ. ಭಜನೆಯವರೆಲ್ಲ ಅವಳ ಕಡೆ ತಿರುಗಿದರು. ಅಂಬಮ್ಮ ವಾಗೀಶನ ಕಡೆ ನೋಡಿದಳು.

“ಮೇಸ್ತ್ರಿ ಹೇಳಿಕೊಟ್ಟಿದ್ದು,” ಎಂದ ವಾಗೀಶ್, ಎಲ್ಲರಿಗೂ ಕೇಳುವಂತೆ. “ನಾನು ಮರತೆ, ಅಮ್ಮ ನೆಪ್ಪಿಟ್ಟಿದ್ರು.”

“ಏಂ ಮನಿಷಯ್ಯಾ! ಅಂಥಾ ಕಿವಿ ಇನ್ನ ಹುಟ್ಟಂಗಿಲ್ಲ,” ಎಂದು ಎರ್ರಿಸ್ವಾಮಿ ಗೇರು ಹಾಕಿದ. ಲಾರಿ ಏದುಸಿರಿಲ್ಲದೆ ಏರು ಹತ್ತಿತು.

ಹೊಲದಲ್ಲಿ ಎಲ್ಲ ಹೊತ್ತಿಗೆ ಸರಿಯಾಗಿ ನಡೆಯಿತು. ಸಿದ್ದಬಸಪ್ಪನನ್ನು ಕುಣಿಯೊಳಗಿನ ಗೂಡಿನಲ್ಲಿ ಕೂರಿಸಿ, ವಿಭೂತಿ, ಪತ್ರಿ ತುಂಬಿದರು. ಹಾಡು ನಿಂತು, ಒಬ್ಬೊಬ್ಬರೇ ಮಣ್ಣು ಹಾಕತೊಡಗಿದಾಗ, ಬದುವಿನಾಚೆ ಲಾರಿಯ ಸದ್ದು ಎಲ್ಲರಿಗೂ ಕೇಳಿಸಿತು. ಮತ್ತೆ ಚಾಲೂ ಆಗದಿದ್ದರೆ ಎಂಬ ಅಂಜಿಕೆಯಲ್ಲಿ ಎರ್ರಿಸ್ವಾಮಿ ಅದನ್ನು ಬಂದ್ ಮಾಡಿರಲಿಲ್ಲ.

“ಅವ್ವಾ, ಬಂದ್ ಮಾಡ ಅನ್ನಲೇನ?” ಎಂದಳು ನಾಗಜ್ಯೋತಿ.

“ಇರಲಿ ಬಿಡವ್ವಾ.”

ಅಂಬಮ್ಮ ಮುಷ್ಟಿಯಲ್ಲಿ ಮಣ್ಣು ಹಿಡಿದು ಅತ್ತ ನೋಡಿದಳು. ಇಳಿಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಹಾಕಿದ್ದ ಚೆಂಡುಹೂವಿನ ಮಾಲೆಯ ಎಸಳುಗಳು, ಗಾಳಿಯೇ ಇಲ್ಲದೆ, ಸಣ್ಣಗೆ ನಡುಗುತ್ತಲೇ ಇದ್ದವು.