ಮೂವತ್ತೈದು ನಿಮಿಷ

ಮಾತು ಬಾರದ ಮಕ್ಕಳ ವರ್ತನೆ ತಿದ್ದುವ ಕೇಂದ್ರದಲ್ಲಿ ಅವಳು ತರಬೇತಿಗೆ ಸೇರಿ ಏಳು ತಿಂಗಳಾಗಿತ್ತು. ಆ ಮಧ್ಯಾಹ್ನ ಎಂಟು ವರ್ಷದ ಮಗುವೊಂದು ತನ್ನ ಕೈಯನ್ನೇ ಕಚ್ಚಿಕೊಳ್ಳತೊಡಗಿತು. ಮೇಲ್ವಿಚಾರಕಿ ಅದನ್ನು ಪಕ್ಕದ ಖಾಲಿ ಕೋಣೆಗೆ ಸೇರಿಸಿ ಹೊರಗಿನಿಂದ ಚಿಲಕ ಹಾಕಿದರು. ತಾಯಿ ಒಪ್ಪಿ ಸಹಿ ಹಾಕಿದ್ದ ಚಿಕಿತ್ಸಾ ಯೋಜನೆಯ ಪ್ರಕಾರ ಒಂಟಿಯಾಗಿ ಕೂರಿಸಬಹುದಾದದ್ದು ಎರಡೇ ನಿಮಿಷ, ಅದೂ ಬಾಗಿಲು ತೆರೆದಿಟ್ಟು. ಒಳಗಿನ ಅಳು ನಿಂತು ಮೇಲ್ವಿಚಾರಕಿ ಚಿಲಕ ತೆಗೆಯುವಷ್ಟರಲ್ಲಿ ಮೂವತ್ತೈದು ನಿಮಿಷ ಕಳೆದಿತ್ತು. ಅವಳು ದಿನದ ದಾಖಲೆ ಹಾಳೆಯಲ್ಲಿ ಹಾಗೆಯೇ ಬರೆದಳು.

“ಅದನ್ನ ಎರಡು ಅಂತ ತಿದ್ದು,” ಎಂದರು ಮೇಲ್ವಿಚಾರಕಿ, ದನಿ ಏರಿಸದೆ. “ನಿನ್ನ ಸರ್ಟಿಫಿಕೇಟಿಗೆ ಸಹಿ ಹಾಕೋಳು ನಾನು, ಮರೀಬೇಡ.”

ಅವಳು ಪೆನ್ನು ಹಿಡಿದಳು, ತಿದ್ದದೆ ಕೆಳಗಿಟ್ಟಳು. ಅಷ್ಟರಲ್ಲಿ ಮಗುವಿನ ತಾಯಿ ಒಳಗೆ ಬಂದರು.

“ಇವತ್ತು ಹೇಗಿದ್ಲು ನಮ್ಮ ಪುಟ್ಟಿ?”

ಮೇಲ್ವಿಚಾರಕಿ ನಗುತ್ತ ಬಾಯಿ ತೆರೆಯುವ ಮೊದಲೇ ಅವಳು ಹೇಳಿಬಿಟ್ಟಳು. “ಅಕ್ಕಾ, ಮೂವತ್ತೈದು ನಿಮಿಷ ಕೋಣೇಲಿ ಕೂಡಿಹಾಕಿದ್ವಿ. ನಾನೂ ಹೊರಗೇ ನಿಂತಿದ್ದೆ. ಬಾಗಿಲು ತೆಗೀಲಿಲ್ಲ.”

ತಾಯಿ ಮಗಳ ಕೈ ಮೇಲಿನ ಹಲ್ಲಿನ ಗುರುತುಗಳನ್ನು ಸವರಿದರು. ಹಾಳೆಯ ಪ್ರತಿ ಕೇಳಿ ಪಡೆದು ಹೊರಟರು.

ತಾಯಿಯಿಂದ ಪರವಾನಗಿ ಮಂಡಳಿಗೆ ದೂರು ಹೋಯಿತು. ಅವಳು ಸಾಕ್ಷಿ ಹೇಳಿದಳು. ಮೇಲ್ವಿಚಾರಕಿಯ ಪರವಾನಗಿ ಅಮಾನತಾಯಿತು. ಸಹಿ ಹಾಕಬೇಕಾದವರೇ ಇಲ್ಲದೆ ಇವಳ ಏಳು ತಿಂಗಳ ತರಬೇತಿಯೂ ಲೆಕ್ಕಕ್ಕೆ ಬರಲಿಲ್ಲ. ಬೇರೊಂದು ಕೇಂದ್ರದಲ್ಲಿ ಕೆಲಸ ಕೇಳಲು ಹೋದಾಗ ಅಲ್ಲಿಯ ಹಿರಿಯರು, “ಹಳೇ ಕಡೆ ಯಾಕಮ್ಮಾ ಬಿಟ್ಟೆ?” ಎಂದರು. ಇಲ್ಲೂ ಬರಿಗೈಲಿ ಕಳಿಸುತ್ತಾರೇನೋ ಎಂದು ಅವಳು ಅಂಜಿದಳು. ಆದರೂ ತಾನು ಆ ಬಾಗಿಲ ಹೊರಗೆ ನಿಂತಿದ್ದ ಸಂಗತಿಯಿಂದಲೇ ಶುರು ಮಾಡಿದಳು.